ಮೇಸ್ತ್ರಿ ಎತ್ತರಕ್ಕೆ ಕಟ್ಟಿದ ಬಾಟಲಿ

“ತೊಟ್ಟಿಕ್ಕೋ ನಲ್ಲಿ ಕಂಡ್ರೆ ನನ್ನ ಕೈ ಸುಮ್ನಿರಲ್ಲ ದೊಡ್ಡಮ್ಮ, ನಿಮಗೇ ಗೊತ್ತಲ್ಲ. ನಲ್ಲಿ ಅಂದಮೇಲೆ ಒಂದೋ ಮುಚ್ಚಿರಬೇಕು, ಒಂದೋ ಬಿಟ್ಟಿರಬೇಕು. ನಡುವೆ ನಿಂತ್ಕೊಂಡು ತೊಟ್ಟು ತೊಟ್ಟು ಅಂತಿದ್ರೆ ಅದು ಕಾಯಿಲೆ ಬಿದ್ದ ನಲ್ಲಿ. ಮೀಸೆ ಬರೋಕೆ ಮುಂಚಿಂದ ನಾನು ಕಲ್ತಿದ್ದು ಇದೇ, ಹೊಟ್ಟೆಗೆ ಹಾಕಿದ್ದೂ ಇದೇ. ಅವತ್ತು ಮಧ್ಯಾಹ್ನ ಅವಳ ಪಕ್ಕ ಕೂತಿದ್ದೆ. ಗ್ಲೂಕೋಸ್ ಬಾಟಲಿಯಿಂದ ಒಂದು ತೊಟ್ಟು ಬಿತ್ತು. ಕಾದೆ. ಇನ್ನೊಂದು ಬಿತ್ತು. ಮತ್ತೆ ಕಾದೆ. ಅವಳ ತುಟಿ ನೋಡಿದ್ರೆ ಬಿರುಕು ಬಿಟ್ಟ ಸಿಮೆಂಟು. ಇದೇನಪ್ಪಾ, ಟ್ಯಾಂಕು ತೋರಿಸಿ ಚಮಚದಲ್ಲಿ ತುಂಬ್ಸು ಅಂದ ಹಾಗಾಯ್ತಲ್ಲ ಅನ್ನಿಸ್ತು. ಡಾಕ್ಟ್ರು ಮುಟ್ಟಬೇಡಿ ಅಂದಿದ್ರು, ಇಲ್ಲ ಅನ್ನಲ್ಲ. ಯಾಕೆ ಮುಟ್ಟಬಾರದು ಅಂತ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲು ಬಾಟಲಿ ಎತ್ತಿ ಮೇಲೆ ಕಟ್ಟಿದೆ. ಆಮೇಲೆ ಕೊಳವೆ ಮೇಲಿನ ಆ ಚಕ್ರ. ಹೆಬ್ಬೆರಳಿನ ಉಗುರಿನಷ್ಟು ಇದೆ, ಪ್ಲಾಸ್ಟಿಕ್ಕು. ಅದಕ್ಕೆ ಸ್ಪ್ಯಾನರ್ ಬೇಡ, ಏನೂ ಬೇಡ. ಹೀಗಂದ್ರೆ ಹೀಗೆ ತಿರುಗಿಬಿಡ್ತು. ಅಷ್ಟು ಸಲೀಸಾಗಿ ತಿರುಗೋ ಚಕ್ರ ಯಾಕಾದ್ರೂ ಮಾಡ್ತಾರೋ ದೊಡ್ಡಮ್ಮ. ತುಕ್ಕು ಹಿಡಿದು ಕೂತ ನಲ್ಲಿಗಳನ್ನ ಜೀವಮಾನವೆಲ್ಲಾ ಬೈದಿದ್ದೇ ಬೈದಿದ್ದು. ಅದೊಂದು ತುಕ್ಕು ಹಿಡಿದಿರಬಾರದಿತ್ತಾ?”

ಹೀಗೆ ಹೇಳಿದವನು ನಮ್ಮ ಸಾಲುಮನೆಯ ವಾಷರ್ ಮೇಸ್ತ್ರಿ. ಇದೇ ಮಾತನ್ನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಒಮ್ಮೆ ಚಕ್ರದಿಂದ ಶುರು ಮಾಡುತ್ತಾನೆ, ಒಮ್ಮೆ ತುಟಿಯಿಂದ. ಬಂದು ನಿಲ್ಲುವುದು ಮಾತ್ರ ತುಕ್ಕಿನ ಹತ್ತಿರವೇ. ನಾನು ಕೇಳುತ್ತೇನೆ. ನನ್ನ ಮನೆಗೂ ಅವನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈ ಕಡೆ ನಾನು ಎರಡು ಸಲ ಸೀನಿದರೆ ಸಾಕು, “ತಲೆ ಸರಿಯಾಗಿ ಒರೆಸಿಕೊಳ್ಳಿ ದೊಡ್ಡಮ್ಮ” ಎಂದು ಆ ಕಡೆಯಿಂದ ಅವನ ಹೆಂಡತಿ ಕೂಗುತ್ತಿದ್ದಳು.

ಅವನ ಕೆಲಸ ನಲ್ಲಿ, ಪೈಪು, ಟ್ಯಾಂಕು ರಿಪೇರಿ. ಯಾರು ಏನೇ ತೊಂದರೆ ಹೇಳಿಕೊಂಡು ಬಂದರೂ, ನೋಡುವುದಕ್ಕೆ ಮುಂಚೆಯೇ “ವಾಷರ್ ಹೋಗಿರ್ತದೆ” ಎನ್ನುತ್ತಿದ್ದ. ಬಹಳಷ್ಟು ಸಲ ಹೋಗಿರುತ್ತಿದ್ದುದೂ ಅದೇ. ಹೀಗಾಗಿ ಇಟ್ಟ ಹೆಸರು ಮರೆತುಹೋಗಿ ಇದೇ ಉಳಿಯಿತು. ಅವನ ಅಂಗಿಯ ಎದೆಜೇಬಿನಲ್ಲಿ ಯಾವಾಗಲೂ ಕಪ್ಪು ರಬ್ಬರಿನ ನಾಲ್ಕಾರು ವಾಷರು, ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪಿನ ಸುರುಳಿ. ಒಮ್ಮೆ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡವನು ಸೋಪಿನ ನೊರೆ ಸಮೇತ ಎದ್ದುಹೋಗಿ, ಮೂಲೆಯ ಬೇಸಿನ್ನಿನ ನಲ್ಲಿ ಸರಿಮಾಡಿ ಬಂದು, ಮತ್ತೆ ಕೆನ್ನೆ ಕೊಟ್ಟು ಕೂತನಂತೆ. ಇದನ್ನು ಹೇಳಿ ಹೇಳಿ ನಗಿಸಿದವಳು ಅವನ ಹೆಂಡತಿಯೇ.

ಅವಳನ್ನು ನಾವು ಗುಂಡಿಯಮ್ಮ ಎನ್ನುತ್ತಿದ್ದೆವು. ಟೈಲರ್ ಅಂಗಡಿಯಿಂದ ಅಂಗಿಗಳನ್ನು ಮನೆಗೆ ತಂದು ಗುಂಡಿ ಹೊಲಿದುಕೊಡುತ್ತಿದ್ದಳು. ಹೊಸ್ತಿಲಿನ ಮೇಲೆ ಬೆಳಕಿಗೆ ಮುಖಮಾಡಿ ಕೂತರೆ ದಾರ ಹಲ್ಲಿನಲ್ಲಿ, ಮಾತು ನಾಲಿಗೆಯಲ್ಲಿ. ಎರಡೂ ಒಟ್ಟಿಗೆ ಹೇಗೆ ನಡೆಯುತ್ತಿತ್ತೋ. ಮಕ್ಕಳಿರಲಿಲ್ಲ. ಆ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದದ್ದು ತಡವಾಗಿ. ಕೊಯ್ದರು, ಔಷಧಿ ಏರಿಸಿದರು, ಕೂದಲು ಹೋಯಿತು. ಕೂದಲು ಮತ್ತೆ ಚಿಗುರುವ ಹೊತ್ತಿಗೆ ಗಡ್ಡೆಯೂ ಚಿಗುರಿತ್ತು. ಆಗಲೂ ಅವಳ ಬಾಯಿ ನಿಂತಿರಲಿಲ್ಲ. “ನಂಗೂ ಒಂದು ವಾಷರ್ ಹಾಕ್ಸಿ ಅಂದೆ ದೊಡ್ಡಮ್ಮ, ಇವರ ಜೇಬಲ್ಲಿ ನನ್ನ ಸೈಜು ಇಲ್ವಂತೆ” ಎಂದಳು. ಮೇಸ್ತ್ರಿ ನಗಲು ಹೋಗಿ, ಆಗದೆ, ಎದ್ದು ಹೊರಗೆ ಹೋದ.

ಕೊಯ್ದ ಡಾಕ್ಟರು ಇನ್ನು ತಮ್ಮ ಕೈಯಲ್ಲೇನೂ ಇಲ್ಲವೆಂದು ಅವಳನ್ನು ಅದೇ ಆಸ್ಪತ್ರೆಯ ನೋವಿನ ವಿಭಾಗಕ್ಕೆ ಕಳಿಸಿದರು. ವಾಸಿಯಾಗದವರಿಗೆ ನೋವಾಗದಂತೆ ನೋಡಿಕೊಳ್ಳುವ ವಿಭಾಗವಂತೆ ಅದು. ಮೇಸ್ತ್ರಿಯ ಜೊತೆಗೆ ನಾನೂ ಹೋಗಿದ್ದೆ. ಉದ್ದನೆಯ ಓಣಿಯ ತುದಿಯಲ್ಲಿ ಒಂದು ಕೋಣೆ, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ. ಒಳಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ. ನಾವು ಬೆಂಚಿನ ಮೇಲೆ ಕಾಯುವಾಗ ಓಣಿಯ ಬೇಸಿನ್ನಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಎರಡು ಸಲ ಅತ್ತ ನೋಡಿದ, ಜೇಬು ಮುಟ್ಟಿಕೊಂಡ.

ಗಾಲಿಕುರ್ಚಿಯಲ್ಲಿ ಕೂತಿದ್ದ ಗುಂಡಿಯಮ್ಮ, “ಹೋಗಿ, ಹೋಗಿ ಮುಗಿಸಿಬನ್ನಿ. ಇಲ್ಲದಿದ್ರೆ ಡಾಕ್ಟ್ರು ಹೇಳೋದು ಒಂದೂ ನಿಮ್ಮ ಕಿವಿಗೆ ಹೋಗಲ್ಲ” ಎಂದಳು. ಅವನು ಹೋಗಿ ಸರಿಮಾಡಿ ಬಂದ.

ಡಾಕ್ಟರಮ್ಮ ಅವಳನ್ನು ನೋಡಿ, ನೋವಿಗೆ ಔಷಧಿ ಬರೆದು, ಪಕ್ಕದ ಮಂಚದಲ್ಲಿ ಮಲಗಿಸಿದ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡರು. ಅವರ ಮಾತು ಅವಸರದ್ದಾಗಿರಲಿಲ್ಲ.

“ಇನ್ನು ಮೇಲೆ ಅವರು ತಿನ್ನೋದು ಕುಡಿಯೋದು ಕಡಿಮೆ ಆಗ್ತಾ ಹೋಗ್ತದೆ. ಒಂದು ದಿನ ಪೂರ್ತಿ ನಿಲ್ತದೆ. ಆಗ ನೀವು ಗಾಬರಿ ಆಗಬಾರದು.”

“ನಿಂತ್ರೆ ಗ್ಲೂಕೋಸ್ ಹಾಕಿಸ್ತೀನಿ ಡಾಕ್ಟ್ರೇ” ಎಂದ ಮೇಸ್ತ್ರಿ.

“ಹಾಕಿಸಬೇಡಿ ಅಂತಾನೇ ಹೇಳೋಕೆ ಕೂತಿರೋದು. ನೋಡಿ, ಕುಡಿಯೋದು ನಿಂತಿದ್ದಕ್ಕೆ ಜೀವ ಹೋಗ್ತಿದೆ ಅಂತ ನಿಮಗೆ ಕಾಣ್ತದೆ. ಅದು ಹಾಗಲ್ಲ. ಜೀವ ಹೊರಟಿರೋದಕ್ಕೆ ದೇಹವೇ ನೀರು ಬೇಡ ಅಂತಿರ್ತದೆ. ಕಿಡ್ನಿ ಸೋತಿರ್ತದೆ, ಹಾರ್ಟು ಸೋತಿರ್ತದೆ. ನಾವು ನರಕ್ಕೆ ಏರಿಸಿದ ನೀರು ಹೊರಗೆ ಹೋಗೋಕೆ ದಾರಿ ಇರಲ್ಲ. ಕಾಲಲ್ಲಿ ನಿಲ್ತದೆ, ಹೊಟ್ಟೇಲಿ ನಿಲ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ತದೆ.”

“ಅಂದ್ರೆ, ಡ್ರೈನ್ ಬ್ಲಾಕು” ಎಂದ ಮೇಸ್ತ್ರಿ.

“ಅದೇ. ಸರಿಯಾಗಿ ಹೇಳಿದ್ರಿ.”

“ಮತ್ತೆ ಬಾಯಾರಿಕೆ?”

“ಆ ಹೊತ್ತಿನಲ್ಲಿ ಅದು ಹೆಚ್ಚಾಗಿ ಬಾಯಿ ಒಣಗಿದ್ದರಿಂದ ಆಗೋದು. ಹತ್ತಿ ಒದ್ದೆ ಮಾಡಿ ತುಟಿ, ನಾಲಿಗೆ ಒರೆಸ್ತಾ ಇರಿ. ಅದು ಸಣ್ಣ ಕೆಲಸ ಅಂದ್ಕೋಬೇಡಿ. ಬಾಟಲಿಗಿಂತ ಅದೇ ದೊಡ್ಡದು.”

“ಎಲ್ಲಾ ಡಾಕ್ಟ್ರೂ ಹೀಗೇ ಹೇಳ್ತಾರಾ?” ಎಂದು ಅವನು ಕೇಳಿದ.

ಆ ಹುಡುಗಿ ಸುಳ್ಳು ಹೇಳಲಿಲ್ಲ. “ಇಲ್ಲ. ನಮ್ಮಲ್ಲೇ ಎರಡು ಮಾತಿದೆ. ಸ್ವಲ್ಪ ನೀರು ಏರಿಸಿದ್ರೆ ಗಲಿಬಿಲಿ, ಕನವರಿಕೆ ಕಡಿಮೆ ಆಗ್ತದೆ ಅನ್ನೋರಿದ್ದಾರೆ. ಮನೆಯವರ ಸಮಾಧಾನಕ್ಕೆ ಹಾಕೋರಿದ್ದಾರೆ. ಒಬ್ಬೊಬ್ಬ ರೋಗಿಗೆ ಒಂದೊಂದು ಥರ. ಇವರ ಕಾಲು ಈಗಲೇ ಬಾತಿದೆ. ಇವರಿಗೆ ಬೇಡ ಅಂತ ನನ್ನ ಅಭಿಪ್ರಾಯ.”

ಮೇಸ್ತ್ರಿ ತಲೆಯಾಡಿಸಿದ. ದಾರಿಯುದ್ದಕ್ಕೂ ನನಗೆ ಅದನ್ನೇ ಬಿಡಿಸಿ ಹೇಳಿದ, ನಾನು ಅಲ್ಲಿರಲೇ ಇಲ್ಲವೇನೋ ಎಂಬಂತೆ. “ಕೆಳಗೆ ಕಟ್ಟಿಕೊಂಡಾಗ ಮೇಲಿಂದ ನೀರು ಬಿಟ್ರೆ ಮನೆಯೊಳಗೆ ಬರ್ತದಲ್ಲ ದೊಡ್ಡಮ್ಮ, ಹಾಗೆ.” ಈಗ ಅವನು ಯಾಕೆಂದು ಯಾರೂ ಹೇಳಿರಲಿಲ್ಲ ಎನ್ನುತ್ತಾನಲ್ಲ, ಆಗ ನನಗೆ ಈ ಮಾತು ನೆನಪಾಗುತ್ತದೆ. ನಾನು ಎತ್ತಿ ಆಡಿಲ್ಲ. ಅವನಿಗೂ ನೆನಪಿಲ್ಲದೆ ಇರಲಾರದು.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ಊಟ ತುತ್ತಿಗಿಳಿಯಿತು, ತುತ್ತು ಗುಟುಕಿಗಿಳಿಯಿತು. ಗುಂಡಿಯಮ್ಮ ದಿನವಿಡೀ ಮಂಪರಿನಲ್ಲಿರತೊಡಗಿದಳು. ಒಂದು ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ “ನೀರು” ಎಂದಳು. ಮೇಸ್ತ್ರಿ ಚಮಚದಲ್ಲಿ ಬಿಟ್ಟ. ಒಳಗಿಳಿಯಲಿಲ್ಲ. ಕೆಮ್ಮಿ ಕೆಮ್ಮಿ ಅವಳ ಮುಖ ನೀಲಿಗಟ್ಟಿತು. ಅದಾದಮೇಲೆ ಅವನು ಚಮಚ ಮುಟ್ಟಲಿಲ್ಲ. ಕೆಲಸಕ್ಕೆ ಹೋಗುವುದನ್ನು ಬಿಟ್ಟು, ಒಂದು ಲೋಟ, ಒಂದು ಹಿಡಿ ಹತ್ತಿ ಇಟ್ಟುಕೊಂಡು ತಲೆದೆಸೆಯಲ್ಲೇ ಕೂತ. ಒದ್ದೆ ಹತ್ತಿ ತುಟಿಗೆ ತಾಗಿದರೆ ಅವಳು ಎಳೆಗೂಸಿನಂತೆ ಅದನ್ನು ಚೀಪುತ್ತಿದ್ದಳು. ಅವನ ಆಸೆಯೆಲ್ಲ ಕುಗ್ಗಿ ಕುಗ್ಗಿ ಒಂದೇ ಆಗಿತ್ತು. “ಉಳಿಯೋದು ಬೇಡ ದೊಡ್ಡಮ್ಮ, ಅದು ಆಗಲ್ಲ, ಗೊತ್ತು. ಬಾಯಾರಿಕೊಂಡು ಹೋಗಬಾರದು ಅಷ್ಟೇ. ನೀರಿನವನ ಹೆಂಡ್ತಿ.”

ಅವಳ ಅಕ್ಕ ಬಂದದ್ದು ಆಗ. ದೂರದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಹೆಂಗಸು. ತಾಯಿ ಸತ್ತಮೇಲೆ ತಂಗಿಯನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಮದುವೆ ಮಾಡಿಕೊಟ್ಟವಳು. ಬಸ್ಸಿಳಿದು ಬಂದವಳೇ ಚೀಲ ಕೆಳಗಿಡದೆ ಬಾಗಿಲಲ್ಲಿ ನಿಂತು, ತಂಗಿ ಹತ್ತಿ ಚೀಪುವುದನ್ನು ನೋಡಿದಳು.

“ಏನೋ ಇದು? ಹಕ್ಕಿಮರಿ ಹಾಗೆ ಬಾಯಿ ಬಿಡ್ತಿದಾಳೆ, ನೀನು ಹತ್ತಿ ತೋರಿಸ್ತಾ ಕೂತಿದೀಯಾ?”

“ಗಂಟಲಲ್ಲಿ ಇಳಿಯಲ್ಲ ಅತ್ತಿಗೆ. ನೆತ್ತಿಗೆ ಹತ್ತುತ್ತೆ.”

“ಗಂಟಲಲ್ಲಿ ಇಳೀದಿದ್ರೆ ಕೈಗೆ ಬಾಟಲಿ ಹಾಕ್ಸು. ಊರಲ್ಲಿ ಜ್ವರ ಬಂದೋರಿಗೂ ಹಾಕ್ತಾರೆ.”

ಮೇಸ್ತ್ರಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಕಿಡ್ನಿ ಎಂದ, ಡ್ರೈನು ಎಂದ. ಅಕ್ಕ ಕೇಳಿಸಿಕೊಂಡು, “ಆ ಹುಡುಗಿಗೆ ವಯಸ್ಸೆಷ್ಟು? ಬಾಯಾರಿಕೆ ಅನ್ನೋದನ್ನ ಪುಸ್ತಕದಲ್ಲಿ ಓದಿದಾಳೆ. ನೀನು ಅದನ್ನ ನಂಬ್ಕೊಂಡು ಕೂತಿದೀಯ. ನಾಲ್ಕು ಬೀದಿಗೆ ನೀರು ಬಿಡ್ತೀಯ, ಕಟ್ಕೊಂಡೋಳನ್ನ ಒಣಗಿಸಿ ಕಳಿಸ್ತೀಯಾ?” ಎಂದಳು. ಆಮೇಲೆ ಚೀಲ ಕೆಳಗಿಟ್ಟು, ತಂಗಿಯ ಕಾಲ ಹತ್ತಿರ ಕೂತು, ಬಾತ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಬೈಗುಳವನ್ನು ಅವನು ತಡೆದುಕೊಂಡಿದ್ದ. ಅಳು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ಕೊಡೆ ಡಾಕ್ಟರನ್ನು ಕರೆಯಲು ಹೋದ.

ಕೊಡೆ ಡಾಕ್ಟರದ್ದು ನಮ್ಮ ಬೀದಿಯ ಮೂಲೆಯಲ್ಲೇ ಸಣ್ಣ ದವಾಖಾನೆ. ಮಂಡಿನೋವಿನ ಮನುಷ್ಯ, ಊರುಗೋಲು ಹಿಡಿಯಲು ನಾಚಿಕೆ, ಅದಕ್ಕೆ ಮಳೆಯಿರಲಿ ಬಿಡಲಿ ಕೊಡೆ ಊರಿಕೊಂಡು ನಡೆಯುತ್ತಾರೆ. ಅವರು ಬಂದು, ಅವಳ ಎದೆಗೆ ಕೊಳವೆಯಿಟ್ಟು ಕೇಳಿ, ಪಾದ ಒತ್ತಿ ನೋಡಿ, ನಮ್ಮನ್ನು ಅಂಗಳಕ್ಕೆ ಕರೆದರು.

“ಆಸ್ಪತ್ರೆಯವರು ಹೇಳಿದ್ದು ಸರಿ. ಇದರಿಂದ ಅವಳಿಗೆ ಆಗೋದು ಏನೂ ಇಲ್ಲ.”

“ಹಾಗಾದ್ರೆ ನೀವೂ ಬೇಡ ಅಂತೀರಾ?” ಎಂದಳು ಅಕ್ಕ.

ಡಾಕ್ಟರು ಕೊಡೆಯ ತುದಿಯಿಂದ ನೆಲ ಕೆದಕಿದರು. “ನಾನು ಹಳೇ ಕಾಲದವನಮ್ಮ. ರೋಗಿ ಹೊರಟುಹೋಗ್ತಾರೆ, ಬದುಕಬೇಕಾದೋರು ಮನೆಯವರು. ಒಂದು ಬಾಟಲಿ ಹಾಕಿಸಲಿಲ್ಲ ಅನ್ನೋ ಕೊರಗು ಹಿಡಿದವರನ್ನ ಈ ಬೀದೀಲೇ ನೋಡಿದೀನಿ. ಅದಕ್ಕೆ ಔಷಧಿ ಇಲ್ಲ. ತೀರಾ ನಿಧಾನಕ್ಕೆ ಬಿಡ್ತೀನಿ, ಅರ್ಧ ಬಾಟಲಿ ನಾಳೆ ತನಕ ಹೋಗಲಿ. ಅಷ್ಟು ನಿಧಾನ ಹೋದ್ರೆ ತೊಂದರೆ ಆಗಲಿಕ್ಕಿಲ್ಲ. ನಿಮ್ಮ ಮನಸ್ಸಿಗೂ ಹಗುರ.”

ಒಳಗೆ ಬಂದು, ಬತ್ತಿಹೋದ ಕೈಯಲ್ಲಿ ನರ ಹುಡುಕಿ, ಸೂಜಿ ಚುಚ್ಚಿ, ಬಾಟಲಿಯನ್ನು ಕಿಟಕಿಯ ಸರಳಿಗೆ ಬಟ್ಟೆದಾರದಿಂದ ಕಟ್ಟಿದರು. ಚಕ್ರ ತಿರುಗಿಸಿ, ತೊಟ್ಟು ಬೀಳುವುದನ್ನು ನೋಡುತ್ತ ನಿಂತು, “ಇದನ್ನ ಯಾರೂ ಮುಟ್ಟಬೇಡಿ. ಸಂಜೆ ಬರ್ತೀನಿ” ಎಂದು ಹೇಳಿ ಹೋದರು.

ಮಧ್ಯಾಹ್ನವಾಯಿತು. ಅಕ್ಕ ಎಷ್ಟೋ ಹೊತ್ತಿನ ಮೇಲೆ ಸ್ನಾನಕ್ಕೆ ಎದ್ದಳು. ನಾನು ಮೇಸ್ತ್ರಿಗೆ ಚಹಾ ಮಾಡಿಕೊಂಡು ಬರೋಣವೆಂದು ನಮ್ಮ ಮನೆಗೆ ಬಂದೆ. ಗೋಡೆಯಾಚೆಯಿಂದ ಸ್ಟೂಲು ಎಳೆಯುವ ಸದ್ದು, ಆಮೇಲೆ ಇಕ್ಕುಳದಲ್ಲಿ ತಂತಿ ಕತ್ತರಿಸುವ ಸದ್ದು ಕೇಳಿತು. ಲೋಟ ಹಿಡಿದು ಹೋದಾಗ ಮೇಸ್ತ್ರಿ ಸ್ಟೂಲಿನ ಮೇಲೆ ನಿಂತಿದ್ದ. ಬಾಟಲಿ ಈಗ ಕಿಟಕಿಯಲ್ಲಿರಲಿಲ್ಲ. ಸೂರಿನ ತೊಲೆಗೆ ಕಬ್ಬಿಣದ ತಂತಿಯಲ್ಲಿ ನೇತಾಡುತ್ತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು, ತಂತಿಯ ಕೊನೆಯನ್ನು ಯಾರಿಗೂ ಚುಚ್ಚದಂತೆ ಒಳಗೆ ಮಡಿಸಿದ್ದ.

“ಟ್ಯಾಂಕು ತಗ್ಗಲ್ಲಿದ್ರೆ ನೀರಿಗೆ ಪ್ರೆಷರ್ ಎಲ್ಲಿಂದ ಬರ್ಬೇಕು ದೊಡ್ಡಮ್ಮ? ಡಾಕ್ಟ್ರಿಗೆ ಔಷಧಿ ಗೊತ್ತು, ಇದು ಗೊತ್ತಿಲ್ಲ” ಎಂದ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಹಳೆಯ ಮೇಸ್ತ್ರಿ ಇದ್ದ. ಸ್ಟೂಲಿನಿಂದ ಇಳಿದು, ಕೊಳವೆ ಎರಡು ಬೆರಳಲ್ಲಿ ಹಿಡಿದು, ಚಕ್ರ ತಿರುಗಿಸಿದ. ತೊಟ್ಟುಗಳು ಒಂದಕ್ಕೊಂದು ಅಂಟಿ ದಾರದಂತೆ ಇಳಿದವು. ನನಗೂ ಅದು ಚೆನ್ನಾಗಿಯೇ ಕಂಡಿತು. ನೀರು ಹರಿಯುವುದು ಯಾರಿಗೆ ತಾನೆ ಚೆನ್ನಾಗಿ ಕಾಣುವುದಿಲ್ಲ.

ಬಾಟಲಿ ಇನ್ನೇನು ಬರಿದಾಗುವ ಹೊತ್ತಿಗೆ ಗುಂಡಿಯಮ್ಮ ಕಣ್ಣು ಬಿಟ್ಟಳು. ಎಷ್ಟೋ ದಿನದಿಂದ ಬಿಟ್ಟಿರಲಿಲ್ಲ. ಮೇಸ್ತ್ರಿ ಬಾಗಿಲಿಗೆ ಓಡಿ, “ಅತ್ತಿಗೇ, ಬೇಗ ಬನ್ನಿ, ಕಣ್ಣು ಬಿಟ್ಟಳು! ನೀರು ಬೇಕಾಗಿತ್ತು ಅವಳಿಗೆ, ನೀವು ಹೇಳಿದ್ದೇ ಸರಿ” ಎಂದು ಕೂಗಿದ. ಅಕ್ಕ ಒದ್ದೆ ತಲೆಯಲ್ಲಿ ಓಡಿಬಂದಳು. ಮೂವರೂ ಮಂಚದ ಸುತ್ತ ನಿಂತೆವು. ಅವಳ ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ಏನನ್ನೋ ಹಿಡಿದುಕೊಳ್ಳಲು ಹುಡುಕುತ್ತಿತ್ತು. ಸಣ್ಣದೊಂದು ಕೆಮ್ಮು ಬಂತು. ಅದರ ಹಿಂದೆ ಎದೆಯೊಳಗಿನಿಂದ ಗೊರಗೊರ ಎಂಬ ಸದ್ದು.

ಹೆಂಗಸರಾದ ನಮ್ಮಿಬ್ಬರಿಗೆ ಅದೇನೆಂದು ತಕ್ಷಣ ತಿಳಿಯಲಿಲ್ಲ. ಮೇಸ್ತ್ರಿಗೆ ತಿಳಿಯಿತು. ಪೈಪಿನಲ್ಲಿ ಗಾಳಿಯೂ ನೀರೂ ಒಟ್ಟಿಗೆ ಸಿಕ್ಕಿಕೊಂಡಾಗ ಬರುವ ಸದ್ದನ್ನು ಅವನು ಜೀವಮಾನವಿಡೀ ಕೇಳಿದ್ದ. ಚಕ್ರ ಮುಚ್ಚಿದ. ಮುಚ್ಚಿದ ಮೇಲೂ ತಿರುಗಿಸುತ್ತಲೇ ಇದ್ದ.

ನಾನು ಬೀದಿಯ ಮೂಲೆಗೆ ಓಡಿ ಕರೆತಂದ ಕೊಡೆ ಡಾಕ್ಟರು ಬಂದವರೇ ಸೂಜಿ ಕಿತ್ತರು, ಅವಳನ್ನು ಮಗ್ಗುಲಿಗೆ ಹೊರಳಿಸಿದರು, ಎರಡು ಇಂಜೆಕ್ಷನ್ ಕೊಟ್ಟರು. ಸದ್ದು ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಆಮೇಲೆ ಅವರು ತಲೆಯೆತ್ತಿ ತೊಲೆಯ ಕಡೆ ನೋಡಿದರು.

“ಅಲ್ಲಿ ಕಟ್ಟಿದ್ದು ಯಾರು?”

“ನಾನೇ.”

ಅವರು ಅದೆಷ್ಟೋ ಹೊತ್ತು ತಂತಿಯನ್ನೇ ನೋಡಿ, “ಈ ಗೊರಗೊರ ಬಾಟಲಿ ಇಲ್ಲದವರಿಗೂ ಬರ್ತದೆ ಮೇಸ್ತ್ರಿ. ಹಾಕಿದ್ದು ನಾನು. ನೀನು ಮನಸ್ಸಿಗೆ ಹಚ್ಕೋಬೇಡ” ಎಂದರು. ಅವನ ಮನಸ್ಸು ಹಗುರಾಗಲೆಂದು ಹಾಕಿದ ಬಾಟಲಿ ಅದು. ಆ ಮುದುಕರಿಗೂ ಅದು ನೆನಪಾಗಿರಬೇಕು. ಹೋಗುವಾಗ ಹೊಸ್ತಿಲಲ್ಲಿ ಗೋಡೆ ಹಿಡಿದುಕೊಂಡು ಇಳಿದರು.

ಗುಂಡಿಯಮ್ಮ ಮಾರನೆಯ ಬೆಳಿಗ್ಗೆ ಹೋದಳು. ಅಂಗಳದ ನಲ್ಲಿಗೆ ನೀರು ಬರುವ ಹೊತ್ತು. ಅಷ್ಟು ಹೊತ್ತು ಆ ಸದ್ದು ಅವಳ ಎದೆಯಲ್ಲಿತ್ತು. ಮೇಸ್ತ್ರಿ ಹತ್ತಿ ಹಿಡಿದು ಕೂತೇ ಇದ್ದ. ಅವಳು ಚೀಪಲಿಲ್ಲ.

ಅಕ್ಕ ಅವನಿಗೆ ಒಂದು ಮಾತೂ ಅನ್ನಲಿಲ್ಲ. ತಂಗಿಯ ಸೂಜಿಡಬ್ಬಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವಳು ಮತ್ತೆ ಬಂದಿಲ್ಲ. “ಬೈದಿದ್ರೆ ಚೆನ್ನಾಗಿತ್ತು ದೊಡ್ಡಮ್ಮ. ತನ್ನದೇ ತಪ್ಪು ಅಂದ್ಕೊಂಡಿದಾಳೋ, ನನ್ನದು ಅಂತಲೋ, ಅದೂ ಗೊತ್ತಾಗಲಿಲ್ಲ” ಎನ್ನುತ್ತಾನೆ.

ಒಂದು ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಡಾಕ್ಟರಮ್ಮನನ್ನು ನೋಡಬೇಕು, ಜೊತೆಗೆ ಬನ್ನಿ ಎಂದ. ಹೋದೆ. ಅದೇ ಕೋಣೆ. ನಡೆದದ್ದನ್ನು ಅವನು ಒಂದೂ ಬಿಡದೆ ಹೇಳಿದ. ತೊಲೆಯ ಎತ್ತರವನ್ನು ಕೈಯೆತ್ತಿ ತೋರಿಸಿದ. “ನಾನು ತಿರುಗಿಸದೆ ಇದ್ದಿದ್ರೆ ಹಾಗಾಗ್ತಿತ್ತಾ, ಇಲ್ವಾ? ಒಂದು ಹೇಳಿ.”

“ಗೊತ್ತಿಲ್ಲ” ಎಂದರು ಡಾಕ್ಟರಮ್ಮ. “ನೀರು ಏರಿಸದೆ ಇರೋರಲ್ಲೂ ಕೊನೇಲಿ ಆ ಸದ್ದು ಬರ್ತದೆ. ನೀರಿನಿಂದ ಹೆಚ್ಚಾಗಿರಲೂಬಹುದು. ಅವರು ಹೋಗೋದಂತೂ ಆ ದಿನಗಳಲ್ಲೇ ಇತ್ತು.”

“ಪೈಪು ಒಡೆದ್ರೆ ಅಗೆದು ನೋಡಿ ಇಂಥಾ ಕಡೆ ಅಂತ ನಾವು ತೋರಿಸ್ತೀವಿ ಡಾಕ್ಟ್ರೇ. ನೀವು ಅಷ್ಟು ಓದಿದೀರಿ.”

“ಓದಿರೋದಕ್ಕೇ ಗೊತ್ತಿಲ್ಲ ಅಂತಿದೀನಿ. ಸಮಾಧಾನಕ್ಕೆ ಒಂದು ಮಾತು ಹೇಳಬಹುದು. ನೀವು ಅದನ್ನ ನಂಬಲ್ಲ.”

“ನೋವಾಗಿತ್ತಾ ಅವಳಿಗೆ?”

“ಆಗಿರಲಿಕ್ಕಿಲ್ಲ ಅಂದ್ಕೋತೀನಿ. ಅದನ್ನೂ ಖಂಡಿತ ಹೇಳಲಾರೆ. ಹತ್ತಿ ಒದ್ದೆ ಮಾಡಿ ಇಡ್ತಿದ್ರಲ್ಲ, ಅದು ತಲುಪಿರ್ತದೆ.”

ಅವನು ಎದ್ದು ನಮಸ್ಕಾರ ಹೇಳಿದ. ಓಣಿಯಲ್ಲಿ ಬರುವಾಗ ಆ ಬೇಸಿನ್ನಿನ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಕೇಳಿಸಿತು, ಹೆಜ್ಜೆ ತಡವರಿಸಿತು. ಜೇಬಿಗೆ ಕೈ ಹೋಗಲಿಲ್ಲ. ದಾಟಿ ನಡೆದ.

ಈಗಲೂ ಕೆಲಸಕ್ಕೆ ಹೋಗುತ್ತಾನೆ. ಕರೆದರೆ ಹೋಗುತ್ತಾನೆ, ಮಾಡುತ್ತಾನೆ, ಬರುತ್ತಾನೆ. ನೋಡುವ ಮುಂಚೆ ಏನನ್ನೂ ಹೇಳುವುದಿಲ್ಲ. ತೊಲೆಯ ತಂತಿಯನ್ನು ತೆಗೆದಿಲ್ಲ, ತೆಗೆಯಲು ನಾನು ಹೇಳಿದಾಗ “ಇರಲಿ” ಎಂದ.

ನಮ್ಮ ಅಂಗಳದ ನಲ್ಲಿಗೆ ನೀರು ಬರುವುದು ಬೆಳಿಗ್ಗೆ. ಬರುವ ಮುಂಚೆ ಪೈಪಿನೊಳಗಿನ ಗಾಳಿ ಗೊರಗೊರ ಎಂದು ಹೊರಗೆ ಬೀಳುತ್ತದೆ. ಮೊದಲೆಲ್ಲ ಆ ಸದ್ದಿಗೆ ಎಲ್ಲರಿಗಿಂತ ಮುಂಚೆ ಬಿಂದಿಗೆ ಹಿಡಿದು ಬರುತ್ತಿದ್ದವನು ಮೇಸ್ತ್ರಿಯೇ. ಈಗ ಅವನು ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾನೆ. ಅವನ ಬಿಂದಿಗೆಯನ್ನು ನಾನು ಸಾಲಿನಲ್ಲಿ ಮೊದಲು ಇಟ್ಟು, ನಲ್ಲಿ ಬಿಟ್ಟು, ಗಾಳಿಯೆಲ್ಲ ಹೋಗುವ ತನಕ ಕಾಯುತ್ತೇನೆ. ಹಿಂದಿನವರು ಗೊಣಗುತ್ತಾರೆ. ಗೊಣಗಲಿ. ನೀರು ತಿಳಿಯಾಗಿ ಬೀಳತೊಡಗಿದ ಮೇಲೆ “ಮೇಸ್ತ್ರಿ, ಬಂತು” ಎಂದು ಕೂಗುತ್ತೇನೆ. ಅವನು ಬಂದು ಬಿಂದಿಗೆ ತೊಳೆದು ಇಡುತ್ತಾನೆ, ತುಂಬುವ ತನಕ ಗೋಡೆ ನೋಡುತ್ತ ನಿಲ್ಲುತ್ತಾನೆ, ತುಂಬಿದ್ದನ್ನು ಎತ್ತಿ, ತಳ ಒರೆಸಿ ಒಳಗೆ ಒಯ್ಯುತ್ತಾನೆ. ಆಮೇಲೆ ನಾನು ನನ್ನ ಕೊಡ ಇಡುತ್ತೇನೆ.